ನೊಗ ಕಳಚಿದ ಜೋಡೆತ್ತು
(1969ರ ಕಾಂಗ್ರೆಸ್ ಒಡಕು: ಒಂದು ಅಧ್ಯಯನ)

ಮನುಷ್ಯರು ಕೂಡಿದ ಕಡೆಯಲ್ಲೆಲ್ಲ ಭಿನ್ನಾಭಿಪ್ರಾಯಗಳು ಹುಟ್ಟುತ್ತವೆ. ಅಣ್ಣತಮ್ಮಂದಿರು ಇರುವ ಮನೆಯಲ್ಲಿ, ಊರಿನ ಪಂಚಾಯಿತಿಯಲ್ಲಿ, ಸಹಕಾರ ಸಂಘದಲ್ಲಿ, ಕಾಲೇಜಿನ ವಿದ್ಯಾರ್ಥಿ ಸಂಘದಲ್ಲಿಯೂ ನಾವು ಇದನ್ನು ಕಾಣುತ್ತೇವೆ. ಹೀಗಿರುವಾಗ ಲಕ್ಷಾಂತರ ಸದಸ್ಯರನ್ನೂ ಅಧಿಕಾರವೆಂಬ ಆಕರ್ಷಣೆಯನ್ನೂ ಉಳ್ಳ ರಾಜಕೀಯ ಪಕ್ಷವೊಂದರಲ್ಲಿ ಒಳಜಗಳವೇ ಇರಬಾರದೆಂದು ಬಯಸುವುದು, ಹೊಳೆಯಲ್ಲಿ ಸುಳಿ ಇರಬಾರದೆಂದು ಬಯಸಿದಂತೆ. ಆದುದರಿಂದ ರಾಜ್ಯಶಾಸ್ತ್ರದ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಪ್ರಶ್ನೆ ಇದು: ಜಗಳ ಬಂದಾಗ ಅದು ತೀರುವುದು ಎಲ್ಲಿ? ತೀರಿಸುವವರು ಯಾರು?

ಈ ಪ್ರಶ್ನೆಯನ್ನು ಪರಿಶೀಲಿಸಲು 1969ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸು ಒಡೆದು ಎರಡಾದ ಪ್ರಸಂಗಕ್ಕಿಂತ ಉತ್ತಮವಾದ ಉದಾಹರಣೆ ನಮಗೆ ದೊರೆಯಲಾರದು. ಕನ್ನಡಿಗರಾದ ನಮಗಂತೂ ಇದು ದೂರದ ಸುದ್ದಿಯಲ್ಲ. ಒಡಕು ಬಹಿರಂಗಕ್ಕೆ ಬಂದದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಅಂದು ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಚಿತ್ರದುರ್ಗದ ಶ್ರೀ ಎಸ್. ನಿಜಲಿಂಗಪ್ಪನವರು.

ಎರಡು ಪೀಠಗಳು

ಅಂದಿನ ಕಾಂಗ್ರೆಸ್ಸಿನ ಚುನಾವಣಾ ಚಿಹ್ನೆ ನೊಗ ಹೊತ್ತ ಜೋಡೆತ್ತು. ಹಳ್ಳಿಗಳಲ್ಲಿ ಪಕ್ಷದ ಹೆಸರನ್ನು ಹೇಳದೆ "ಜೋಡೆತ್ತಿಗೆ ಓಟು" ಎಂದೇ ಜನ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಪಕ್ಷದ ಸ್ಥಿತಿಯೂ ಹಾಗೆಯೇ ಇದ್ದಿತು. ಒಂದು ಕಡೆ ಸರ್ಕಾರವನ್ನು ನಡೆಸುವ ಪ್ರಧಾನಮಂತ್ರಿ. ಇನ್ನೊಂದು ಕಡೆ ಸಂಘಟನೆಯನ್ನು ನಡೆಸುವ ಪಕ್ಷಾಧ್ಯಕ್ಷ. ಇಬ್ಬರ ಕೊರಳಿಗೂ ಒಂದೇ ನೊಗ. ಆದರೆ ಇಬ್ಬರಲ್ಲಿ ಯಾರು ಹೇಳಿದ ದಿಕ್ಕಿಗೆ ಬಂಡಿ ಹೋಗಬೇಕು ಎಂಬುದು ಎಂದೂ ಖಚಿತವಾಗಿ ತೀರ್ಮಾನವಾಗಿರಲಿಲ್ಲ.

ಈ ತೊಡಕು ಸ್ವಾತಂತ್ರ್ಯದ ವರ್ಷದಲ್ಲಿಯೇ ಕಾಣಿಸಿಕೊಂಡಿತು. ಸರ್ಕಾರವು ಪಕ್ಷಾಧ್ಯಕ್ಷರೊಡನೆ ಸಮಾಲೋಚಿಸುತ್ತಿಲ್ಲವೆಂಬ ಅಸಮಾಧಾನದಿಂದ ಆಚಾರ್ಯ ಕೃಪಲಾನಿಯವರು 1947ರ ನವೆಂಬರಿನಲ್ಲಿ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. 1950ರಲ್ಲಿ ಪುರುಷೋತ್ತಮದಾಸ್ ಟಂಡನ್‌ರವರು ಅಧ್ಯಕ್ಷರಾಗಿ ಚುನಾಯಿತರಾದರು. ಪ್ರಧಾನಿ ನೆಹರೂರವರಿಗೂ ಅವರಿಗೂ ಹೊಂದಿಕೆಯಾಗಲಿಲ್ಲ. 1951ರಲ್ಲಿ ನೆಹರೂರವರು ಕಾರ್ಯಸಮಿತಿಯಿಂದ ಹೊರಬಂದರು. ಟಂಡನ್‌ರವರು ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟರು. ನೆಹರೂರವರೇ ಅಧ್ಯಕ್ಷರೂ ಆದರು. ಎರಡು ಬಾರಿಯೂ ಜಗಳ ಪಕ್ಷದೊಳಗೆಯೇ ಮುಗಿಯಿತು. ಸೋತವರು ಸ್ಥಾನವನ್ನು ಬಿಟ್ಟರು, ಪಕ್ಷ ಒಡೆಯಲಿಲ್ಲ. ನೆಹರೂರವರ ವ್ಯಕ್ತಿತ್ವದ ಎತ್ತರವೇ ಇದಕ್ಕೆ ಕಾರಣವೆನ್ನಬಹುದು. ಆದರೆ ಒಬ್ಬ ವ್ಯಕ್ತಿಯ ಎತ್ತರದಿಂದ ಮುಚ್ಚಿಹೋದ ಪ್ರಶ್ನೆಯು ಆ ವ್ಯಕ್ತಿ ಮರೆಯಾದೊಡನೆ ಮತ್ತೆ ಏಳುವುದು ಖಂಡಿತ.

ನಾಯಕರನ್ನು ಮಾಡಿದ ನಾಯಕರು

1963ರಲ್ಲಿ ಮದರಾಸಿನ ಮುಖ್ಯಮಂತ್ರಿ ಕಾಮರಾಜರ ಹೆಸರಿನ ಯೋಜನೆಯಂತೆ ಆರು ಮಂದಿ ಕೇಂದ್ರ ಸಚಿವರೂ ಆರು ಮಂದಿ ಮುಖ್ಯಮಂತ್ರಿಗಳೂ ಅಧಿಕಾರವನ್ನು ತ್ಯಜಿಸಿ ಪಕ್ಷದ ಕೆಲಸಕ್ಕೆ ನಿಂತರು. ಮುಂದೆ ಕಾಮರಾಜರೇ ಪಕ್ಷದ ಅಧ್ಯಕ್ಷರಾದರು. ಕಾಮರಾಜ್, ಬಂಗಾಳದ ಅತುಲ್ಯ ಘೋಷ್, ಮುಂಬಯಿಯ ಎಸ್.ಕೆ. ಪಾಟೀಲ್, ಆಂಧ್ರದ ಸಂಜೀವರೆಡ್ಡಿ, ಮೈಸೂರಿನ ನಿಜಲಿಂಗಪ್ಪ — ಇವರ ಕೂಟಕ್ಕೆ ಪತ್ರಿಕೆಗಳು "ಸಿಂಡಿಕೇಟ್" ಎಂದು ಹೆಸರಿಟ್ಟವು. ತಮ್ಮ ತಮ್ಮ ಪ್ರಾಂತಗಳಲ್ಲಿ ಇವರಿಗಿದ್ದ ಹಿಡಿತ ಅಸಾಧಾರಣವಾದುದು.

1964ರ ಮೇ 27ರಂದು ನೆಹರೂರವರು ತೀರಿಕೊಂಡಾಗ ಲಾಲ್ ಬಹಾದುರ್ ಶಾಸ್ತ್ರಿಯವರನ್ನು ಒಮ್ಮತದಿಂದ ಆರಿಸುವಲ್ಲಿ ಈ ಕೂಟದ ಪಾತ್ರ ಹಿರಿದು. 1966ರ ಜನವರಿ 11ರಂದು ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ನಿಧನರಾದರು. ಈ ಬಾರಿ ಒಮ್ಮತ ಸಾಧ್ಯವಾಗಲಿಲ್ಲ. ಮೊರಾರ್ಜಿ ದೇಸಾಯಿಯವರು ಸ್ಪರ್ಧೆಗೆ ನಿಂತರು. ಕಾಮರಾಜರೂ ಬಹುಮಂದಿ ಮುಖ್ಯಮಂತ್ರಿಗಳೂ ಶ್ರೀಮತಿ ಇಂದಿರಾ ಗಾಂಧಿಯವರನ್ನು ಬೆಂಬಲಿಸಿದರು. ಸಂಸದೀಯ ಪಕ್ಷದ ಗುಪ್ತ ಮತದಾನದಲ್ಲಿ ಇಂದಿರಾರವರಿಗೆ 355, ಮೊರಾರ್ಜಿಯವರಿಗೆ 169 ಮತಗಳು ಬಂದವು. ಮತ ಎಣಿಸಲಾಯಿತು, ಸೋತವರು ಒಪ್ಪಿದರು. ಪಕ್ಷದೊಳಗೆ ನಾಯಕತ್ವದ ಪ್ರಶ್ನೆಯನ್ನು ಹೇಗೆ ಬಗೆಹರಿಸಬೇಕೋ ಹಾಗೆ ಬಗೆಹರಿಸಿದ ದಿನವದು.

ಆದರೆ ಹಿರಿಯರು ಒಂದು ಲೆಕ್ಕವನ್ನು ತಪ್ಪಿದ್ದರು. ತಾವು ಏರಿಸಿದವರು ತಮ್ಮ ಮಾತನ್ನು ಮೀರಲಾರರೆಂದು ಅವರು ನಂಬಿದಂತೆ ತೋರುತ್ತದೆ. ಅಷ್ಟರಲ್ಲಿ 1967ರ ಮಹಾಚುನಾವಣೆ ಬಂದಿತು. ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ಬಲ 361ರಿಂದ 283ಕ್ಕೆ ಇಳಿಯಿತು. ಹಲವು ರಾಜ್ಯಗಳು ಕೈತಪ್ಪಿದವು. ಕಾಮರಾಜರು ತಮ್ಮ ಹುಟ್ಟೂರಾದ ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ಮುಖಂಡನಿಗೆ ಸೋತರು. ಎಸ್.ಕೆ. ಪಾಟೀಲರು ದಕ್ಷಿಣ ಮುಂಬಯಿಯಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರಿಗೆ ಸೋತರು. ಅತುಲ್ಯ ಘೋಷರೂ ಸೋತರು. ಸಂಘಟನೆ ಯಾರ ಕೈಯಲ್ಲಿತ್ತೋ ಅವರನ್ನೇ ಜನ ಮನೆಗೆ ಕಳುಹಿಸಿದ್ದರು. ಪಕ್ಷದ ಯಂತ್ರ ಒಬ್ಬರದು, ಜನರ ಒಲವು ಇನ್ನೊಬ್ಬರದು ಎಂಬ ಅಂತರ ಇಲ್ಲಿಂದ ಬೆಳೆಯಿತು.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾದರು. ಮೈಸೂರು ರಾಜ್ಯದ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಕರ್ನಾಟಕದ ಏಕೀಕರಣಕ್ಕಾಗಿ ದುಡಿದ, 1956ರಲ್ಲಿ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಈ ಹಿರಿಯರಿಗೆ ಒಳಜಗಳದ ರುಚಿ ಹೊಸದಾಗಿರಲಿಲ್ಲ. 1958ರಲ್ಲಿ ಪಕ್ಷದೊಳಗಿನ ಅಸಮಾಧಾನದಿಂದಲೇ ಅವರು ಮುಖ್ಯಮಂತ್ರಿ ಸ್ಥಾನವನ್ನು ಬಿಟ್ಟಿದ್ದರು, ಬಿ.ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದಿದ್ದರು.

ಗಾಜಿನ ಮನೆಯ ಬೇಸಗೆ ಮುಗಿದ ದಿನಗಳು

1969ರ ಏಪ್ರಿಲಿನಲ್ಲಿ ಫರೀದಾಬಾದಿನ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಸರ್ಕಾರಿ ಉದ್ಯಮಗಳ ಕಾರ್ಯವನ್ನು ಟೀಕಿಸಿದರು. ಪ್ರಧಾನಿಯವರು ಅದೇ ವೇದಿಕೆಯ ಮೇಲೆ ಅದನ್ನು ಒಪ್ಪದೆ ಉತ್ತರ ಹೇಳಿದರು. ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನರು ತೀರಿಕೊಂಡರು. ಮುಂದಿನ ರಾಷ್ಟ್ರಪತಿ ಯಾರು ಎಂಬ ಪ್ರಶ್ನೆ ಎದ್ದಿತು. ಒಳಗೆ ಹೊಗೆಯಾಡುತ್ತಿದ್ದ ಜಗಳಕ್ಕೆ ಬೆಂಕಿ ಹತ್ತಲು ಇಷ್ಟು ಸಾಕಾಯಿತು.

ಜುಲೈ ಎರಡನೆಯ ವಾರ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಬೆಂಗಳೂರಿನಲ್ಲಿ ಸೇರಿತು. ಇಂದಿರಾ ಗಾಂಧಿಯವರು ಬ್ಯಾಂಕುಗಳ ರಾಷ್ಟ್ರೀಕರಣವೂ ಸೇರಿದಂತೆ ಕೆಲವು ಆರ್ಥಿಕ ಸಲಹೆಗಳ ಟಿಪ್ಪಣಿಯೊಂದನ್ನು ಕಳುಹಿಸಿದರು. ಹಾಗೆಯೇ ಹೊಳೆದ ಕೆಲವು ವಿಚಾರಗಳೆಂದು ಅದನ್ನು ಕರೆದಿದ್ದರೂ ಅದರ ಹಿಂದಿನ ಉದ್ದೇಶ ಎಲ್ಲರಿಗೂ ತಿಳಿದಿತ್ತು. ಜುಲೈ 12ರಂದು ಪಾರ್ಲಿಮೆಂಟರಿ ಬೋರ್ಡು ರಾಷ್ಟ್ರಪತಿ ಸ್ಥಾನಕ್ಕೆ ಅಭ್ಯರ್ಥಿಯನ್ನು ಆರಿಸಲು ಕುಳಿತಿತು. ಪ್ರಧಾನಿಯವರು ಜಗಜೀವನ ರಾಂರವರ ಹೆಸರನ್ನು ಮುಂದಿಟ್ಟರು. ಬಹುಮತವು ಸಂಜೀವರೆಡ್ಡಿಯವರ ಕಡೆಗಿತ್ತು. ಆರ್ಥಿಕ ವಿಷಯದಲ್ಲಿ ಪ್ರಧಾನಿಯವರೊಡನೆ ಇದ್ದ ಯಶವಂತರಾವ್ ಚವಾಣರೂ ಇಲ್ಲಿ ರೆಡ್ಡಿಯವರನ್ನೇ ಒಪ್ಪಿದರು. ಬೋರ್ಡಿನೊಳಗೆ ಪ್ರಧಾನಿಯವರು ಸೋತರು.

ಉತ್ತರ ಬರಲು ತಡವಾಗಲಿಲ್ಲ. ಜುಲೈ 16ರಂದು ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆಯನ್ನು ತೆಗೆಯಲಾಯಿತು. ಉಪಪ್ರಧಾನಿ ಪದವಿಗೆ ಅವರು ರಾಜೀನಾಮೆಯಿತ್ತರು. ಜುಲೈ 19ರಂದು ಸುಗ್ರೀವಾಜ್ಞೆಯ ಮೂಲಕ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲಿ ಸೇರಿದ್ದವು. ಆಜ್ಞೆಗೆ ಸಹಿ ಮಾಡಿದವರು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರು; ಅವರು ಅಷ್ಟರಲ್ಲಿಯೇ ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲುವುದಾಗಿ ಸಾರಿದ್ದರು. ಒಂದೇ ವಾರದಲ್ಲಿ ಪಕ್ಷದ ಕೋಣೆಯೊಳಗಿನ ಸ್ಥಾನಗಳ ಜಗಳವು ಬಡವರ ಪರ ಯಾರು, ಸಿರಿವಂತರ ಪರ ಯಾರು ಎಂಬ ಬೀದಿಯ ಪ್ರಶ್ನೆಯಾಗಿ ಮಾರ್ಪಟ್ಟಿತು.

ಇಬ್ಬರೂ ಹೊಸಿಲು ದಾಟಿದರು

ಮುಂದೆ ನಡೆದುದೇ ನಮ್ಮ ವಿಚಾರಕ್ಕೆ ಮುಖ್ಯವಾದುದು. ಸಂಜೀವರೆಡ್ಡಿಯವರು ಪಕ್ಷದ ಅಧಿಕೃತ ಅಭ್ಯರ್ಥಿ. ಅವರ ನಾಮಪತ್ರಕ್ಕೆ ಇಂದಿರಾ ಗಾಂಧಿಯವರೇ ಸಹಿ ಹಾಕಿದ್ದರು. ಆದರೆ ರೆಡ್ಡಿಯವರ ಗೆಲುವು ಖಚಿತವಾಗಲೆಂದು ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು ಅವರ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಿದರು. ಪ್ರಧಾನಿಯವರ ಕಡೆಯವರು ಇದನ್ನೇ ಹಿಡಿದುಕೊಂಡರು. ಅಧ್ಯಕ್ಷರು ವಿಪ್ ಹೊರಡಿಸಿರೆಂದು ಕೇಳಿದರೆ ಪ್ರಧಾನಿಯವರು ನಿರಾಕರಿಸಿ, ಸದಸ್ಯರು ಆತ್ಮಸಾಕ್ಷಿಯಂತೆ ಮತ ನೀಡಲೆಂದರು. ತಾವೇ ಸಹಿ ಮಾಡಿದ ಅಭ್ಯರ್ಥಿಯನ್ನು ಹೀಗೆ ಕೈಬಿಟ್ಟಂತಾಯಿತು.

ಆಗಸ್ಟ್ 16ರಂದು ಮತದಾನ ನಡೆದು 20ರಂದು ಎಣಿಕೆಯಾಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769 ಮತಮೌಲ್ಯ ದೊರೆಯಿತು. ಯಾರಿಗೂ ಬಹುಮತ ಬರದೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾಯಿತು. ಕೊನೆಗೆ ಗಿರಿಯವರು 4,20,077, ರೆಡ್ಡಿಯವರು 4,05,427. ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ಆ ಪಕ್ಷದವರ ಮತಗಳಿಂದಲೇ ಸೋತರು.

ಆಗಸ್ಟ್ ಕೊನೆಯಲ್ಲಿ ಕಾರ್ಯಸಮಿತಿಯು ಐಕ್ಯದ ನಿರ್ಣಯವೊಂದನ್ನು ಮಾಡಿತು. ಕಾಗದದ ಮೇಲಿನ ಐಕ್ಯ ಎಷ್ಟು ದಿನ ನಿಂತೀತು? ಹೊಸ ಅಧ್ಯಕ್ಷರನ್ನು ಆರಿಸಬೇಕೆಂದು ಒಂದು ಕಡೆಯವರು ಸಹಿ ಸಂಗ್ರಹಿಸತೊಡಗಿದರು. ಅಧ್ಯಕ್ಷರು ಸಿ. ಸುಬ್ರಹ್ಮಣ್ಯಂ, ಫಕ್ರುದ್ದೀನ್ ಅಲಿ ಅಹಮದ್ ಇಬ್ಬರನ್ನೂ ಕಾರ್ಯಸಮಿತಿಯಿಂದ ತೆಗೆದರು. ನವೆಂಬರ್ 1ರಂದು ದೆಹಲಿಯಲ್ಲಿ ಒಂದೇ ಪಕ್ಷದ ಎರಡು ಕಾರ್ಯಸಮಿತಿಗಳು ಸೇರಿದವು: ಒಂದು ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯವರ ನಿವಾಸದಲ್ಲಿ. ನವೆಂಬರ್ 12ರಂದು ಅಧ್ಯಕ್ಷರ ಬಣವು ದೇಶದ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಸಂಸದೀಯ ಪಕ್ಷದ ಬಹುಮತ ಪ್ರಧಾನಿಯವರೊಡನೆ ನಿಂತಿತು. ಲೋಕಸಭೆಯಲ್ಲಿ ಸುಮಾರು 220 ಮಂದಿ ಅವರ ಕಡೆಗಿದ್ದರು. ಸರ್ಕಾರ ಉಳಿಯಲು ಕಮ್ಯುನಿಸ್ಟರು, ಡಿ.ಎಂ.ಕೆ. ಮುಂತಾದವರ ಬೆಂಬಲ ಬೇಕಾಯಿತು. ಜನ ಒಂದನ್ನು ಆಡಳಿತ ಕಾಂಗ್ರೆಸ್ಸೆಂದೂ ಇನ್ನೊಂದನ್ನು ಸಂಸ್ಥಾ ಕಾಂಗ್ರೆಸ್ಸೆಂದೂ ಕರೆದರು.

ಯಾರದು ಸರಿ? ಸಂಸ್ಥಾ ಕಾಂಗ್ರೆಸ್ಸಿನವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಪಕ್ಷದ ಹೆಸರಿನಿಂದ ಗೆದ್ದವರು ಪಕ್ಷದ ತೀರ್ಮಾನಕ್ಕೆ ತಲೆಬಾಗಬೇಕಲ್ಲವೆ? ಪ್ರಧಾನಿಯವರ ಕಡೆಯವರಲ್ಲಿಯೂ ನ್ಯಾಯವಿತ್ತು. ಸ್ವಂತ ಕ್ಷೇತ್ರದಲ್ಲಿ ಸೋತ ಕೆಲವರು ಒಂದು ಕೋಣೆಯಲ್ಲಿ ಕುಳಿತು ಚುನಾಯಿತ ಪ್ರಧಾನಿಯನ್ನು ಆಳಬಹುದೆ? ಎರಡೂ ಗಂಭೀರವಾದ ಪ್ರಶ್ನೆಗಳು. ದುಃಖದ ಸಂಗತಿಯೆಂದರೆ ಈ ಪ್ರಶ್ನೆಗಳನ್ನು ಪಕ್ಷದ ಪೂರ್ಣ ಸಭೆಯ ಮುಂದಿಟ್ಟು ತೀರ್ಮಾನ ಪಡೆದು ಅದಕ್ಕೆ ಕಟ್ಟುಬೀಳಲು ಯಾರೂ ಸಿದ್ಧರಿರಲಿಲ್ಲ. ಶಿಸ್ತಿನ ಮಾತಾಡಿದವರು ಎದುರು ಪಕ್ಷಗಳ ಮತಕ್ಕೆ ಕೈಯೊಡ್ಡಿದರು. ಆತ್ಮಸಾಕ್ಷಿಯ ಮಾತಾಡಿದವರು ತಮ್ಮ ಸಹಿಯನ್ನೇ ಮರೆತರು. ಮನೆಯ ಜಗಳವನ್ನು ಮನೆಯೊಳಗೆ ತೀರಿಸಲಾರದೆ ಇಬ್ಬರೂ ಹೊಸಿಲು ದಾಟಿದರು.

ಎತ್ತುಗಳು ಯಾರಿಗೆ?

ಚಿಹ್ನೆಗಾಗಿ ವ್ಯಾಜ್ಯ ನಡೆಯಿತು. ಚುನಾವಣಾ ಆಯೋಗವು 1971ರ ಜನವರಿಯಲ್ಲಿ ಜಗಜೀವನ ರಾಂರವರು ಅಧ್ಯಕ್ಷರಾಗಿದ್ದ ಆಡಳಿತ ಕಾಂಗ್ರೆಸ್ಸೇ ಕಾಂಗ್ರೆಸ್ಸೆಂದು ತೀರ್ಮಾನಿಸಿತು. ವಿಷಯವು ಸುಪ್ರೀಂ ಕೋರ್ಟಿಗೆ ಹೋದುದರಿಂದ ಆ ವರ್ಷದ ಚುನಾವಣೆಯಲ್ಲಿ ಜೋಡೆತ್ತು ಯಾರಿಗೂ ಸಿಗಲಿಲ್ಲ. ಒಬ್ಬರು ಹಸು-ಕರುವಿನ ಗುರುತನ್ನೂ ಇನ್ನೊಬ್ಬರು ಚರಕ ತಿರುಗಿಸುವ ಹೆಂಗಸಿನ ಗುರುತನ್ನೂ ಪಡೆದರು. 1971ರ ನವೆಂಬರಿನಲ್ಲಿ ಸಾದಿಕ್ ಅಲಿ ಮೊಕದ್ದಮೆಯ ತೀರ್ಪು ಹೊರಬಿದ್ದು ಆಯೋಗದ ನಿರ್ಣಯವು ಊರ್ಜಿತವಾಯಿತು.

ಆ ಪ್ರಕರಣದಲ್ಲಿ ಪಕ್ಷದ ಧ್ಯೇಯೋದ್ದೇಶಗಳಿಂದಾಗಲಿ ಪಕ್ಷದ ಸಂವಿಧಾನದಿಂದಾಗಲಿ ಪ್ರಶ್ನೆ ಬಗೆಹರಿಯಲಿಲ್ಲ. ಶಾಸನಸಭೆಗಳಲ್ಲಿಯೂ ಸಂಘಟನೆಯಲ್ಲಿಯೂ ಯಾರ ಕಡೆ ಹೆಚ್ಚು ತಲೆಗಳಿವೆಯೆಂದು ಎಣಿಸಿಯೇ ತೀರ್ಮಾನಿಸಬೇಕಾಯಿತು. ಆ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. 2023ರ ಫೆಬ್ರವರಿಯಲ್ಲಿ ಶಿವಸೇನೆಯ ಹೆಸರನ್ನೂ ಬಿಲ್ಲುಬಾಣದ ಚಿಹ್ನೆಯನ್ನೂ ಆಯೋಗವು ಏಕನಾಥ ಶಿಂಧೆಯವರ ಬಣಕ್ಕೆ ಕೊಟ್ಟಾಗ ಶಾಸಕರು, ಸಂಸದರ ಬಹುಮತವೇ ಮುಖ್ಯ ಆಧಾರವಾಯಿತು. ಪಕ್ಷದ ನಿಯಮಗಳು ಜಗಳದ ಸಮಯದಲ್ಲಿ ನಿರುಪಯುಕ್ತವಾದರೆ ಪಕ್ಷವು ಅದರ ಸಾಮಾನ್ಯ ಸದಸ್ಯರಿಂದ ಜಾರಿ ಶಾಸಕರ ಕೈಗೆ ಹೋಗುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೈಸೂರು ರಾಜ್ಯದಲ್ಲಿ ಆದ ಪರಿಣಾಮ

ನಮ್ಮ ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿಯಿತು. ವೀರೇಂದ್ರ ಪಾಟೀಲ, ರಾಮಕೃಷ್ಣ ಹೆಗಡೆಯವರನ್ನು ಜನ ನಿಜಲಿಂಗಪ್ಪನವರ ಲವ-ಕುಶರೆಂದು ಕರೆಯುತ್ತಿದ್ದರು. ಇಂದಿರಾರವರ ಕಡೆ ನಿಂತು ಪಕ್ಷ ಕಟ್ಟಿದವರು ಡಿ. ದೇವರಾಜ ಅರಸರು. 1971ರ ಮಾರ್ಚಿ ಚುನಾವಣೆಯಲ್ಲಿ ದೇಶದಲ್ಲಿ ಆಡಳಿತ ಕಾಂಗ್ರೆಸ್ಸಿಗೆ 352 ಸ್ಥಾನ, ಸಂಸ್ಥಾ ಕಾಂಗ್ರೆಸ್ಸಿಗೆ 16. ಮೈಸೂರು ರಾಜ್ಯದ 27 ಸ್ಥಾನಗಳಿಗೆ 27ನ್ನೂ ಆಡಳಿತ ಕಾಂಗ್ರೆಸ್ಸೇ ಗೆದ್ದಿತು. ರಾಜ್ಯ ಸರ್ಕಾರ ಅದೇ ತಿಂಗಳು ಬಿದ್ದಿತು. 1972ರಲ್ಲಿ ಅರಸರು ಮುಖ್ಯಮಂತ್ರಿಗಳಾದರು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಒಡಕು ಆಗದೆ ಇದ್ದಿದ್ದರೆ ರಾಜ್ಯದ ಹಳೆಯ ನಾಯಕತ್ವ ಅಷ್ಟು ಬೇಗ ಸ್ಥಾನ ಬಿಡುತ್ತಿರಲಿಲ್ಲ. ಅರಸರ ಕಾಲದಲ್ಲಿ ಅದುವರೆಗೆ ವಿಧಾನಸಭೆಯ ಮೆಟ್ಟಿಲು ಕಾಣದಿದ್ದ ಸಣ್ಣ ಸಣ್ಣ ಜಾತಿಗಳವರಿಗೆ ಟಿಕೆಟ್ಟು ದೊರೆಯಿತು. ಹಾವನೂರು ಆಯೋಗ ನೇಮಕವಾಯಿತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಭೂಮಿಗೆ ಒಡೆಯರಾದರು. ಮನೆತನದಲ್ಲಿ ಮೊಟ್ಟಮೊದಲಿಗೆ ಪದವಿ ತರಗತಿಯ ಬೆಂಚಿನ ಮೇಲೆ ಕುಳಿತ ನನ್ನಂತಹ ಎಷ್ಟೋ ಮಂದಿ ಈ ಬದಲಾವಣೆಗಳ ಋಣದಲ್ಲಿದ್ದೇವೆ. ಆದುದರಿಂದ ಒಡಕೆಂದರೆ ಕೇಡೇ ಎಂದು ಕಣ್ಣುಮುಚ್ಚಿ ಹೇಳಲು ನನಗೆ ಬಾಯಿ ಬಾರದು. ಮುಚ್ಚಿದ ಬಾಗಿಲುಗಳು ಕೆಲವೊಮ್ಮೆ ಮನೆಯವರ ಜಗಳದಲ್ಲಿಯೇ ತೆರೆಯುತ್ತವೆ.

ಆದರೆ ಗೆದ್ದ ಪಕ್ಷಕ್ಕೆ ಒಳಗೆ ಏನಾಯಿತು? 1972ರ ತರುವಾಯ ಸುಮಾರು 20 ವರ್ಷಗಳ ಕಾಲ, 1992ರವರೆಗೆ, ಅಲ್ಲಿ ಕ್ರಮಬದ್ಧವಾದ ಸಂಘಟನಾ ಚುನಾವಣೆಗಳು ನಡೆಯಲಿಲ್ಲ. ಪ್ರಾಂತಾಧ್ಯಕ್ಷರು ಕೆಳಗಿನಿಂದ ಚುನಾಯಿತರಾಗಿ ಬರುವುದು ನಿಂತು ಮೇಲಿನಿಂದ ನೇಮಕವಾಗತೊಡಗಿದರು. "ಹೈಕಮಾಂಡ್" ಎಂಬ ಮಾತು ಪತ್ರಿಕೆಗಳಲ್ಲಿ ನಿತ್ಯದ ಮಾತಾಯಿತು. ಜಗಳಗಳು ನಿಂತವೆ? ಇಲ್ಲ. 1978ರ ಜನವರಿಯಲ್ಲಿ ಪಕ್ಷ ಮತ್ತೊಮ್ಮೆ ಒಡೆಯಿತು. 1979ರಲ್ಲಿ ಅರಸರೇ ಇಂದಿರಾರವರಿಂದ ಬೇರೆಯಾಗಬೇಕಾಯಿತು. ಮುಖ್ಯಮಂತ್ರಿ ಸ್ಥಾನ, ರಾಜ್ಯ ಘಟಕದ ಅಧ್ಯಕ್ಷ ಸ್ಥಾನಗಳೆರಡನ್ನೂ ಅವರೊಬ್ಬರೇ ಹೊಂದಿದ್ದುದು ಆ ವಿವಾದದ ಒಂದು ಕಾರಣವಾಗಿತ್ತು. ಅದೇ ಹಳೆಯ ಎರಡು ಪೀಠಗಳ ಪ್ರಶ್ನೆ! 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 27 ಸ್ಥಾನಗಳು ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅರಸರು ಅಧಿಕಾರ ಬಿಟ್ಟರು. ಹತ್ತು ವರ್ಷಗಳ ಹಿಂದೆ ಯಾವ ದಾರಿಯಿಂದ ಅವರು ಮೇಲೇರಿದರೋ ಅದೇ ದಾರಿಯಿಂದ ಕೆಳಗಿಳಿದರು.

ಸೋತವರ ಕಥೆಯೂ ವಿಚಿತ್ರವಾದುದು. 1977ರಲ್ಲಿ ಸಂಸ್ಥಾ ಕಾಂಗ್ರೆಸ್ಸು ಜನತಾ ಪಕ್ಷದಲ್ಲಿ ಸೇರಿಹೋಯಿತು. ಮೊರಾರ್ಜಿಯವರು ಪ್ರಧಾನಿಯಾದರು, ಸಂಜೀವರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ವೀರೇಂದ್ರ ಪಾಟೀಲರು 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾರವರಿಗೆ ಎದುರಾಗಿ ನಿಂತು ಸೋತರು. ಮುಂದೆ ಅದೇ ಕಾಂಗ್ರೆಸ್ಸಿಗೆ ಹಿಂದಿರುಗಿ 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಇವನ್ನೆಲ್ಲ ನೋಡಿದರೆ ಸಿದ್ಧಾಂತದ ಹೆಸರಿನಲ್ಲಿ ಕಡಿದುಹೋದ ಸಂಬಂಧಗಳಲ್ಲಿ ಎಷ್ಟು ಪಾಲು ಸಿದ್ಧಾಂತ, ಎಷ್ಟು ಪಾಲು ಸ್ಥಾನ ಎಂಬ ಸಂದೇಹ ಮೂಡದೆ ಇರದು.

ಉಪಸಂಹಾರ

ಈ ಇತಿಹಾಸದಿಂದ ತಿಳಿಯುವ ಪಾಠಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದಾಗಿ, ಎರಡು ಅಧಿಕಾರ ಕೇಂದ್ರಗಳಿರುವ ಪಕ್ಷದಲ್ಲಿ ಅವುಗಳ ಎಲ್ಲೆಯನ್ನು ಶಾಂತಿಯ ಕಾಲದಲ್ಲಿಯೇ ಗೊತ್ತುಪಡಿಸಬೇಕು. ಜಗಳ ಹತ್ತಿದ ಮೇಲೆ ಎಲ್ಲೆ ಅಳೆಯುವವನ ಮಾತನ್ನು ಯಾರೂ ಕೇಳುವುದಿಲ್ಲ. ಎರಡನೆಯದಾಗಿ, ಒಳಗಿನ ಚುನಾವಣೆಗಳು ಕಾಲಕಾಲಕ್ಕೆ ನಡೆಯಬೇಕು. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆದು ಮಲ್ಲಿಕಾರ್ಜುನ ಖರ್ಗೆಯವರು 7,897 ಮತಗಳನ್ನೂ ಶಶಿ ತರೂರರು 1,072 ಮತಗಳನ್ನೂ ಪಡೆದರು. ನಿಜಲಿಂಗಪ್ಪನವರ ತರುವಾಯ ಆ ಪೀಠವೇರಿದ ಎರಡನೆಯ ಕನ್ನಡಿಗರು ಖರ್ಗೆಯವರು. ಸೋತವರು ಪಕ್ಷ ಬಿಡಲಿಲ್ಲ, ಪಕ್ಷವೂ ಒಡೆಯಲಿಲ್ಲ. ಮೂರನೆಯದಾಗಿ, ಗೆದ್ದವರು ಸೋತವರಿಗೆ ಕುಳಿತುಕೊಳ್ಳಲು ಜಾಗ ಬಿಡಬೇಕು. ಜಾಗವಿಲ್ಲದವನು ಇನ್ನೊಂದು ಮನೆ ಕಟ್ಟುತ್ತಾನೆ.

ಪಕ್ಷಗಳ ಒಳಜಗಳವನ್ನು ಓದಿ ನಗುವುದು ಸುಲಭ. ರಾಜಕೀಯವೇ ಹೊಲಸೆಂದು ಮೂಗು ಮುಚ್ಚಿಕೊಳ್ಳುವುದು ಇನ್ನೂ ಸುಲಭ. ಆದರೆ ನಮ್ಮನ್ನು ಆಳುವವರನ್ನು ಆರಿಸುವ ಮೊದಲನೆಯ ಜರಡಿ ಪಕ್ಷದ ಒಳಗೇ ಇರುತ್ತದೆ. ನಾವು ಮತಗಟ್ಟೆಯಲ್ಲಿ ನೋಡುವುದು ಆ ಜರಡಿಯಿಂದ ಇಳಿದ ಹೆಸರುಗಳನ್ನು ಮಾತ್ರ. ಈ ವರ್ಷ ಕಾಲೇಜು ಬಿಟ್ಟು ಹೋಗುವ ನಮ್ಮಲ್ಲಿ ಕೆಲವರಾದರೂ ನಾಳೆ ಒಂದಲ್ಲ ಒಂದು ಪಕ್ಷದ ಬಾಗಿಲಿಗೆ ಹೋಗುವವರೇ. ಹಾಗೆ ಹೋದಾಗ ನಾಯಕರು ಯಾರೆಂದು ಕೇಳುವುದರ ಜೊತೆಗೆ, ಅವರನ್ನು ಆರಿಸಿದ್ದು ಹೇಗೆ, ಬೇಡವಾದಾಗ ಬದಲಿಸುವುದು ಹೇಗೆ, ಅವರನ್ನು ಒಪ್ಪದ ಸದಸ್ಯನು ಎದ್ದು ನಿಂತು ಮಾತಾಡಲು ಸಭೆ ಎಂದು ಸೇರುತ್ತದೆ ಎಂದು ಕೇಳೋಣ. ಇದಕ್ಕೆ ಉತ್ತರ ಕೊಡಬಲ್ಲ ಪಕ್ಷವನ್ನು ಸೇರೋಣ. ಉತ್ತರವಿಲ್ಲದ ಪಕ್ಷದಲ್ಲಿದ್ದರೆ ಉತ್ತರ ಬರುವವರೆಗೆ ಕೇಳುತ್ತಲೇ ಇರೋಣ. ಪದವಿ ಪಡೆದವರಿಂದ ನಮ್ಮ ಊರು, ನಮ್ಮ ನಾಡು ನಿರೀಕ್ಷಿಸುವುದು ಕಡೆಯಪಕ್ಷ ಇಷ್ಟನ್ನಾದರೂ ಎಂದು ನನ್ನ ಭಾವನೆ.